‘ಅದು ಮೋಸ ಅಲ್ವಾ ಅಣ್ಣ?’

ಈ ವಾರ ಮೈನ್‌ಕ್ರಾಫ್ಟ್ ಆಟದ ಒಂದು ಸರ್ವರಿನ ಡಿಸ್ಕಾರ್ಡ್ ಚಾಟ್‌ನಲ್ಲಿ ಕಂಡ ನಾಲ್ಕು ಸಾಲು ಇನ್ನೂ ತಲೆಯೊಳಗೇ ಕೂತಿವೆ. ಸರ್ವರುಗಳನ್ನು ಪಟ್ಟಿ ಮಾಡುವ ರ‍್ಯಾಂಕಿಂಗ್ ತಾಣಗಳಲ್ಲಿ ಆಟಗಾರರು ದಿನಾ ಹಾಕುವ ವೋಟಿನಿಂದ ಸರ್ವರಿನ ಸ್ಥಾನ ಏರುತ್ತದೆ, ಹಾಕಿದವರಿಗೆ ಆಟದೊಳಗೆ ಬಹುಮಾನ ಸಿಗುತ್ತದೆ. ಹಾಸ್ಟೆಲ್‌ನಲ್ಲಿದ್ದುಕೊಂಡು ಡಿಪ್ಲೊಮಾ ಓದುತ್ತಿರುವ ಹುಡುಗನೊಬ್ಬ ಬರೆದ: “ಅಣ್ಣ, ನಾನಿನ್ನೂ ವೋಟ್ ಹಾಕೇ ಇಲ್ಲ, ಆದ್ರೂ ಈಗಾಗ್ಲೇ ಹಾಕಿದೀರಿ ಅಂತಿದೆ.” ಸರ್ವರ್ ನಡೆಸುವವರ ಉತ್ತರ ತಕ್ಷಣ ಬಂತು: “ವಿಪಿಎನ್ ಆನ್ ಮಾಡ್ಕೊಂಡು ಹಾಕೋ, ಆಗತ್ತೆ.” ವಿಪಿಎನ್ ಎಂದರೆ ನಮ್ಮ ಇಂಟರ್ನೆಟ್ ವಿಳಾಸವನ್ನು ಬೇರೆಯದಾಗಿ ತೋರಿಸುವ ಸೇವೆ. ಹುಡುಗ ಕೇಳಿದ: “ಅದು ಮೋಸ ಅಲ್ವಾ ಅಣ್ಣ?” ಅದರ ಕೆಳಗೆ ಬಿದ್ದದ್ದು ಬಾಟ್‌ನ, ಅಂದರೆ ತಾನಾಗಿ ಸಂದೇಶ ಹಾಕುವ ತಂತ್ರಾಂಶದ ಸಾಲು: “ನೀವು ಇವತ್ತು ವೋಟ್ ಹಾಕಿಲ್ಲ! ಈಗಲೇ ಹಾಕಿ, ಕ್ರೇಟ್ ಕೀ ಪಡೆಯಿರಿ!” ಕ್ರೇಟ್ ಕೀ ಎಂದರೆ ಆಟದೊಳಗಿನ ಬಹುಮಾನದ ಪೆಟ್ಟಿಗೆಯ ಕೀಲಿ. ಆಮೇಲೆ ಮಾತು ಬೇರೆ ಕಡೆ ಹೊರಳಿತು.

ಸರ್ವರ್ ನಡೆಸುವವರು ಕೆಟ್ಟವರೇನಲ್ಲ. ಬಾಡಿಗೆಯನ್ನು ಕೈಯಿಂದ ಕಟ್ಟುತ್ತಾರೆ, ಜಗಳ ಬಿಡಿಸುತ್ತಾರೆ, ಬ್ಯಾಕಪ್ ತಪ್ಪಿಸುವುದಿಲ್ಲ. ರ‍್ಯಾಂಕಿಂಗ್ ಪಟ್ಟಿಯಲ್ಲಿ ಮೊದಲ ಪುಟದಿಂದ ಜಾರಿದರೆ ಹೊಸಬರು ಬರುವುದು ನಿಲ್ಲುತ್ತದೆ. ಎಷ್ಟೋ ಪಟ್ಟಿಗಳಲ್ಲಿ ತಿಂಗಳ ಒಂದನೇ ತಾರೀಖಿಗೆ ಎಣಿಕೆ ಸೊನ್ನೆಗೆ ಬರುವುದರಿಂದ ಆ ಆತಂಕ ತಿಂಗಳು ತಿಂಗಳೂ ಹೊಸದಾಗಿ ಹುಟ್ಟುತ್ತದೆ. ಅಷ್ಟಾದರೂ, ನಿಯಮದ ಬಗ್ಗೆ ಕಾಳಜಿ ಇಟ್ಟುಕೊಂಡು ಕೇಳಿದ ಹುಡುಗನಿಗೆ ನಿಯಮ ಮುರಿಯುವ ದಾರಿ ತೋರಿಸಿದ್ದು ತಪ್ಪು. ಮೇಲಾಗಿ ಅದು ಕೆಲಸಕ್ಕೆ ಬಾರದ ದಾರಿ.

ಹುಡುಗ ಹೇಳಿದ್ದು ನಿಜವೇ. ಹಾಸ್ಟೆಲ್ಲಿನ ವೈಫೈಗೆ ಹೊರಗಡೆ ಇರುವುದು ಒಂದೇ ಐಪಿ ವಿಳಾಸ, ಅಂದರೆ ಇಂಟರ್ನೆಟ್ಟಿನಲ್ಲಿ ಗುರುತಿಸುವ ಸಂಖ್ಯೆ. ಅವನ ರೂಮಿನ ಪಕ್ಕದವನೋ ಮೇಲಿನ ಮಹಡಿಯವನೋ ಬೆಳಿಗ್ಗೆ ಅದೇ ಸರ್ವರಿಗೆ ವೋಟ್ ಹಾಕಿದ್ದರೆ, ಪಟ್ಟಿಯ ಲೆಕ್ಕದಲ್ಲಿ ಇಡೀ ಹಾಸ್ಟೆಲ್ ಹಾಕಿ ಆಯಿತು. ಮೊಬೈಲ್ ಡೇಟಾಗೆ ಬದಲಾಯಿಸಿದರೂ ಖಾತ್ರಿಯಿಲ್ಲ. ಹಳೆಯ ಐಪಿವಿ4 ವಿಳಾಸ 32 ಬಿಟ್‌ನದು. ಜಗತ್ತಿಗೆಲ್ಲ ಸೇರಿ ಸುಮಾರು 429 ಕೋಟಿ. ಏಷ್ಯಾ-ಪೆಸಿಫಿಕ್ ಪ್ರದೇಶಕ್ಕೆ ವಿಳಾಸ ಹಂಚುವ ಏಪ್ನಿಕ್ 2011ರ ಏಪ್ರಿಲ್‌ನಲ್ಲೇ ತನ್ನ ಕೊನೆಯ ದೊಡ್ಡ ವಿಳಾಸ ಸಮೂಹಕ್ಕೆ ಕೈಹಾಕಿತು. ಹಾಗಾಗಿ ಮೊಬೈಲ್ ಜಾಲಗಳು ಒಂದು ಹೊರವಿಳಾಸದ ಹಿಂದೆ ಬಹಳಷ್ಟು ಗ್ರಾಹಕರನ್ನು ಇಡುತ್ತವೆ. ಇದಕ್ಕೆ ಕ್ಯಾರಿಯರ್ ಗ್ರೇಡ್ ನ್ಯಾಟ್ ಎನ್ನುತ್ತಾರೆ. 100.64ರಿಂದ 100.127ರವರೆಗಿನ ವಿಳಾಸಗಳನ್ನು 2012ರಲ್ಲಿ ಇದಕ್ಕೆಂದೇ ಮೀಸಲಿಟ್ಟಿದ್ದಾರೆ. ‘ಒಂದು ಐಪಿಗೆ 24 ಗಂಟೆಗೆ ಒಂದೇ ವೋಟು’ ಎಂಬ ನಿಯಮ ಇಂಥ ಕಡೆ ವಠಾರದ ಹೆಬ್ಬಾಗಿಲಿಗೆ ಒಂದೇ ರೇಷನ್ ಕಾರ್ಡ್ ಕೊಟ್ಟ ಹಾಗೆ: ಒಳಗಿನ ಮನೆಗಳಲ್ಲಿ ಮೊದಲು ಎದ್ದವರಿಗೆ ಅಕ್ಕಿ, ಉಳಿದವರಿಗೆ ‘ನಿಮ್ಮದು ತಗೊಂಡಾಗಿದೆ’.

ಇನ್ನು ವಿಪಿಎನ್. ಉಚಿತ ವಿಪಿಎನ್‌ಗಳ ಹೊರದಾರಿ ಡೇಟಾ ಸೆಂಟರಿನ ವಿಳಾಸಗಳು. ಆ ವಿಳಾಸಗಳ ಪಟ್ಟಿ ಸುಲಭವಾಗಿ ಸಿಗುವುದರಿಂದ ರ‍್ಯಾಂಕಿಂಗ್ ತಾಣಗಳು ಅವನ್ನು ತಡೆದಿಟ್ಟಿರುತ್ತವೆ. ತಡೆಯದಿದ್ದರೂ ಅದೇ ಹೊರದಾರಿಯಿಂದ ಇನ್ಯಾರೋ ವೋಟ್ ಹಾಕಿರುತ್ತಾರೆ, ಅದೇ ಸಂದೇಶ ಮತ್ತೆ ಬರುತ್ತದೆ. ಒಂದು ವೇಳೆ ದಾಟಿತೆನ್ನಿ. ತಾಣದವರು ತಿಂಗಳ ಕೊನೆಗೆ ದಾಖಲೆ ಜಾಲಾಡಿದಾಗ ಆ ವೋಟು ಹೋಗುತ್ತದೆ, ಇಂಥವು ಹೆಚ್ಚಿದ್ದರೆ ಸರ್ವರೇ ಪಟ್ಟಿಯಿಂದ ಹೊರಬೀಳಬಹುದು. ಪ್ರಾಮಾಣಿಕ ಹುಡುಗನೊಬ್ಬನ ವೋಟು ಹೀಗೆ ಮೋಸದ ಲೆಕ್ಕಕ್ಕೆ ಸೇರಿಬಿಡುತ್ತದೆ.

ಇದೇ ನಿಯಮ ಇನ್ನೊಂದು ಕಡೆ ಪೂರಾ ಸಡಿಲ. ಐಪಿವಿ6 ಎಂಬ ಹೊಸ ವಿಳಾಸ ಪದ್ಧತಿಯಲ್ಲಿ ಒಂದು ಮನೆಗೆ ಸಾಮಾನ್ಯವಾಗಿ ಕನಿಷ್ಠ ಒಂದು 64 ಬಿಟ್‌ನ ಮುನ್ನೆಲೆ (ವಿಳಾಸದ ಮೊದಲ ಅರ್ಧ) ಸಿಗುತ್ತದೆ. ಅದರೊಳಗೆ ಎರಡರ 64ನೇ ಘಾತದಷ್ಟು ವಿಳಾಸಗಳು. ಫೋನು, ಲ್ಯಾಪ್‌ಟಾಪುಗಳು ಖಾಸಗಿತನಕ್ಕಾಗಿ ತಾವಾಗಿಯೇ ವಿಳಾಸ ಬದಲಿಸುತ್ತಿರುತ್ತವೆ. ಪೂರ್ತಿ ವಿಳಾಸವನ್ನು ನೋಡಿ ಎಣಿಸುವ ತಾಣದಲ್ಲಿ ಸ್ಕ್ರಿಪ್ಟ್ ಬರೆಯಬಲ್ಲವನೊಬ್ಬ ಮನೆಯಲ್ಲಿ ಕೂತೇ ನೂರು ವೋಟು ತಳ್ಳಬಹುದು. ಹಾಸ್ಟೆಲ್ ಹುಡುಗನಿಗೆ ಬಾಗಿಲು ಹಾಕಿ, ಇವನಿಗೆ ತೆರೆದಿಟ್ಟಂತಾಯಿತು.

ನನ್ನ ಪ್ರಕಾರ ಎಣಿಸಬೇಕಾದ್ದು ಹೀಗೆ. ಆಟದ ಹೆಸರಿಗೆ ಒಂದು ಅವಧಿಗೆ ಒಂದೇ ವೋಟು; ಇದರಲ್ಲಿ ಸಡಿಲಿಕೆ ಬೇಡ. ಐಪಿವಿ4 ವಿಳಾಸಕ್ಕೆ ನಾಲ್ಕೈದು ಬೇರೆ ಬೇರೆ ಹೆಸರುಗಳವರೆಗೆ ಅವಕಾಶ, ಎರಡನೆಯದರಿಂದ ಕ್ಯಾಪ್ಚಾ (ಹಾಕುತ್ತಿರುವುದು ಮನುಷ್ಯನೇ ಎಂಬ ಪರೀಕ್ಷೆ) ಕಡ್ಡಾಯ. ಐಪಿವಿ6 ಆದರೆ 64 ಬಿಟ್ ಮುನ್ನೆಲೆಯನ್ನೇ ಒಂದು ಮನೆ ಎಂದು ಎಣಿಸಿ, ಅದಕ್ಕೂ ಇದೇ ಮಿತಿ. ವೋಟ್ ತಿರಸ್ಕರಿಸಿದಾಗ ಕಾರಣವನ್ನು ಸರಿಯಾಗಿ ಹೇಳಬೇಕು: ಈ ಜಾಲದಿಂದ ಇಂದಿನ ಮಿತಿ ಮುಗಿದಿದೆ, ಇಷ್ಟು ಹೊತ್ತಿಗೆ ತೆರೆಯುತ್ತದೆ ಅಂತ. ಹಾಕದವನಿಗೆ ‘ನೀವು ಹಾಕಿದ್ದೀರಿ’ ಎಂದರೆ ಅವನು ಸರ್ವರಿನವರ ಹತ್ತಿರ ಹೋಗಿ ಕೇಳದೆ ಇನ್ನೇನು ಮಾಡಿಯಾನು?

ಹೋಗಿ ಕೇಳಿದ. ಮತ್ತೆ ಆ ಸಾಲುಗಳಿಗೇ ಬರುತ್ತೇನೆ. ‘ಅದು ಮೋಸ ಅಲ್ವಾ’ ಎನ್ನುವ ಪ್ರಶ್ನೆಯ ಕೆಳಗೆ ಬಾಟ್ ಬಂದು ನೀವು ವೋಟ್ ಹಾಕಿಲ್ಲ ಎನ್ನುತ್ತದಲ್ಲ, ನನ್ನನ್ನು ಹೆಚ್ಚು ಕಾಡಿದ್ದು ಅದು. ಯಾರು ಹಾಕಿದ್ದಾರೆ, ಯಾರು ಹಾಕಲು ಹೋಗಿ ಆಗದೆ ಬಂದಿದ್ದಾರೆ ಎನ್ನುವುದು ಬಾಟ್‌ಗೆ ಗೊತ್ತೇ ಇಲ್ಲ. ಗಡಿಯಾರ ನೋಡಿ ಎಲ್ಲರ ಮೇಲೂ ಕೂಗುತ್ತದೆ.

ಸರಿಯಾದ ಜ್ಞಾಪನೆ ಮೊದಲು ಲೆಕ್ಕ ನೋಡುತ್ತದೆ. ವೋಟ್ ಬಿದ್ದ ಸುದ್ದಿಯನ್ನು ಪಟ್ಟಿ ತಾಣದಿಂದ ಸರ್ವರಿಗೆ ತರುವುದು ವೋಟಿಫೈಯರ್ ಅಥವಾ ಈಗ ಹೆಚ್ಚಾಗಿ ಬಳಸುವ ನುವೋಟಿಫೈಯರ್ ಎಂಬ ಪ್ಲಗಿನ್, ಅಂದರೆ ಸರ್ವರಿಗೆ ಸೇರಿಸುವ ಪುಟ್ಟ ತಂತ್ರಾಂಶ. ಅದು ಕೇಳುವ ಪೋರ್ಟ್ (ಸುದ್ದಿ ಒಳಬರುವ ಬಾಗಿಲಿನ ಸಂಖ್ಯೆ) ಸಾಮಾನ್ಯವಾಗಿ 8192. ಆಟದ 25565 ಬೇರೆ, ಇದು ಬೇರೆ. ಫೈರ್‌ವಾಲ್‌ನಲ್ಲಿ, ಅಂದರೆ ಹೊರಗಿನ ಸಂಪರ್ಕಗಳನ್ನು ತಡೆಯುವ ಕಾವಲಿನಲ್ಲಿ, ಈ 8192 ಅನ್ನು ತೆರೆಯಲು ಮರೆಯುವುದೇ ‘ವೋಟ್ ಹಾಕಿದೆ, ಬಹುಮಾನ ಬರಲಿಲ್ಲ’ ದೂರಿನ ಮಾಮೂಲಿ ಕಾರಣ. ಇನ್ನೊಂದು, ಪ್ಲಗಿನ್ ತಯಾರಿಸಿದ ಆರ್‌ಎಸ್‌ಎ ಸಾರ್ವಜನಿಕ ಕೀಲಿಯನ್ನು (ವೋಟಿನ ಸುದ್ದಿಯನ್ನು ಗುಟ್ಟಾಗಿ ಕಳಿಸಲು ಬೇಕಾದ ಉದ್ದನೆಯ ಅಕ್ಷರಸಾಲು) ತಾಣದಲ್ಲಿ ಅಂಟಿಸುವಾಗ ಒಂದೆರಡು ಅಕ್ಷರ ಬಿಟ್ಟುಹೋಗುವುದು. ಟೆಸ್ಟ್‌ವೋಟ್ ಆಜ್ಞೆ ಸರ್ವರಿನೊಳಗೆ ಬಹುಮಾನದ ಸರಪಳಿ ಸರಿಯಿದೆಯೇ ಎಂಬುದನ್ನಷ್ಟೇ ತೋರಿಸುತ್ತದೆ. ಪೋರ್ಟ್ ತೆರೆದಿದೆಯೇ ಎಂದು ತಿಳಿಯಲು ತಾಣದಿಂದಲೇ ಒಂದು ವೋಟ್ ಕಳಿಸಿ ನೋಡಬೇಕು. ಪ್ರತಿ ವೋಟಿನ ಜೊತೆ ತಾಣದ ಹೆಸರು, ಆಟಗಾರನ ಹೆಸರು, ವಿಳಾಸ, ಸಮಯ ಬರುತ್ತವೆ. ಯಾರಿಗೆ ಯಾವ ತಾಣದಲ್ಲಿ ಬಾಕಿ ಇದೆ ಎಂದು ಹೇಳಲು ಇಷ್ಟು ಸಾಕು.

ನಮ್ಮ ಕಡೆ ಫೋನಿನಲ್ಲಿ ಬೆಡ್‌ರಾಕ್ ಎಂಬ ಮೈನ್‌ಕ್ರಾಫ್ಟ್ ಆವೃತ್ತಿ ಆಡುವವರು ಬಹಳ. ಗೀಸರ್, ಫ್ಲಡ್‌ಗೇಟ್ ಎಂಬ ಸೇತುವೆ ತಂತ್ರಾಂಶಗಳ ಮೂಲಕ ಕಂಪ್ಯೂಟರಿನ ಜಾವಾ ಆವೃತ್ತಿಯ ಸರ್ವರಿಗೆ ಬರುವ ಅವರ ಹೆಸರಿನ ಮುಂದೆ ತಾನಾಗಿ ಒಂದು ಚುಕ್ಕೆ ಸೇರುತ್ತದೆ, ಹೆಸರಿನ ನಡುವಿನ ಖಾಲಿ ಜಾಗ ಅಡಿಗೆರೆಯಾಗುತ್ತದೆ. ಚುಕ್ಕೆ ಬಿಟ್ಟು ವೋಟ್ ಹಾಕಿದರೆ ಬಹುಮಾನ ಇಲ್ಲದ ಹೆಸರಿಗೆ ಹೋಗುತ್ತದೆ. ಬೆಡ್‌ರಾಕ್ ಚಾಟ್‌ನಲ್ಲಿ ಕೊಂಡಿ ಒತ್ತಲೂ ಬರುವುದಿಲ್ಲ. ಇವರಿಗೆ ಕೊಡುವ ಜ್ಞಾಪನೆಯಲ್ಲಿ ಕೈಯಲ್ಲಿ ಟೈಪ್ ಮಾಡಬಹುದಾದ ಚಿಕ್ಕ ವಿಳಾಸ ಮತ್ತು ಚುಕ್ಕೆ ಸಮೇತ ಅವರ ಪೂರ್ತಿ ಹೆಸರು ಇರಲೇಬೇಕು.

ಸಮಯದ ವಿಷಯ ಇನ್ನೂ ತೊಡಕಿನದು. ಹಿಂದಿನ ವೋಟಿನಿಂದ ಸರಿಯಾಗಿ 24 ಗಂಟೆ ಎಣಿಸುವ ತಾಣದಲ್ಲಿ ದಿನಾ ಹತ್ತು ನಿಮಿಷ ತಡವಾದರೂ 30 ದಿನಕ್ಕೆ ಐದು ಗಂಟೆ ಜಾರುತ್ತದೆ. ರಾತ್ರಿ 9ಕ್ಕೆ ಶುರುವಾದದ್ದು ಮುಂಜಾವ 2ಕ್ಕೆ ಮುಟ್ಟುತ್ತದೆ. ಅವಧಿಯನ್ನು 20 ಗಂಟೆಗೆ ಇಳಿಸಿದರೆ ಈ ಜಾರುವಿಕೆ ನಿಲ್ಲುತ್ತದೆ. ನಿಗದಿತ ಹೊತ್ತಿಗೆ ಎಲ್ಲರ ಲೆಕ್ಕವೂ ತೆರೆಯುವ ತಾಣಗಳಲ್ಲಿ ಆ ಹೊತ್ತು ಎಲ್ಲಿಯದು ಎಂದು ನೋಡಬೇಕು. ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಮಧ್ಯರಾತ್ರಿ ಎಂದರೆ ನಮಗೆ ಬೆಳಿಗ್ಗೆ 5.30. ನ್ಯೂಯಾರ್ಕಿನ ಮಧ್ಯರಾತ್ರಿ ನಮಗೆ ಅವರ ಬೇಸಿಗೆಯಲ್ಲಿ ಬೆಳಿಗ್ಗೆ 9.30, ಅವರು ಗಡಿಯಾರ ಹಿಂದಿಟ್ಟ ನವೆಂಬರ್‌ನಿಂದ ಮಾರ್ಚ್‌ವರೆಗೆ 10.30. ನವೆಂಬರ್ ಮೊದಲ ಭಾನುವಾರದ ನಂತರವೂ ಬಾಟ್ 9.30ಕ್ಕೇ ಎಬ್ಬಿಸಿದರೆ ಹೋದವರೆಲ್ಲ ‘ಇನ್ನೂ ಸಮಯವಾಗಿಲ್ಲ’ ನೋಡಿಕೊಂಡು ವಾಪಸ್ ಬರುತ್ತಾರೆ. ಡಿಸ್ಕಾರ್ಡ್‌ನ ಸಮಯಮುದ್ರೆ ಬಳಸಿದರೆ ಬೆಂಗಳೂರಿನವರಿಗೂ ದುಬೈಯಲ್ಲಿರುವವರಿಗೂ ಅವರವರ ಗಡಿಯಾರದ ಹೊತ್ತೇ ಕಾಣುತ್ತದೆ.

ಎಷ್ಟು ಸಲ ನೆನಪಿಸಬೇಕು? ಒಳಗೆ ಬಂದು ಒಂದೆರಡು ನಿಮಿಷ ಕಳೆದ ಮೇಲೆ ಒಮ್ಮೆ, ಆಮೇಲೆ ಗಂಟೆಗೊಮ್ಮೆಗಿಂತ ಹೆಚ್ಚು ಬೇಡ. ಕಾದಾಟದ ನಡುವೆ ಪರದೆಯ ಮಧ್ಯಕ್ಕೆ ದೊಡ್ಡ ಅಕ್ಷರ ತಂದು ಒಬ್ಬನನ್ನು ಸಾಯಿಸಿದರೆ ಅವನು ವೋಟ್ ಹಾಕುವುದಿಲ್ಲ, ಬಿಟ್ಟೇ ಹೋಗುತ್ತಾನೆ. ಬೇಡವೆಂದವರಿಗೆ ನಿಲ್ಲಿಸುವ ಆಜ್ಞೆ ಇರಬೇಕು, ಅದು ಜ್ಞಾಪನೆಯ ಸಾಲಿನಲ್ಲೇ ಕಾಣಬೇಕು.

ಇಷ್ಟೆಲ್ಲ ಸರಿಮಾಡಿದರೂ ಬಹುಮಾನದ ಕ್ರಮ ಕೆಟ್ಟದಾಗಿದ್ದರೆ ಮೋಸ ಹುಟ್ಟಿಯೇ ಹುಟ್ಟುತ್ತದೆ. ತಿಂಗಳಿಗೆ ಅತಿ ಹೆಚ್ಚು ವೋಟ್ ಹಾಕಿದವನಿಗೆ ದೊಡ್ಡ ಬಹುಮಾನ ಎಂದ ಕೂಡಲೇ ಎರಡನೇ ಖಾತೆ, ವಿಪಿಎನ್, ಗೆಳೆಯರ ಫೋನು ಎಲ್ಲ ಹೊರಬರುತ್ತವೆ. ಆ ಹಾಸ್ಟೆಲ್ ಹುಡುಗ ಇಂಥ ಓಟದಲ್ಲಿ ಮೊದಲ ದಿನವೇ ಹಿಂದೆ ಬಿದ್ದಿರುತ್ತಾನೆ. ಅದರ ಬದಲು ತಿಂಗಳಲ್ಲಿ ಕನಿಷ್ಠ 15 ದಿನ ವೋಟ್ ಹಾಕಿದ ಎಲ್ಲರ ಹೆಸರನ್ನೂ ತಲಾ ಒಂದೇ ಚೀಟಿಯಂತೆ ಹಾಕಿ ಎತ್ತಬಹುದು. ಹದಿನೈದಕ್ಕೂ ಮೂವತ್ತಕ್ಕೂ ಅವಕಾಶ ಸಮ. ಸರ್ವರಿಗೆ ಒಮ್ಮೆಯೂ ಬಾರದ ಹೆಸರುಗಳನ್ನು ಮತ್ತು ಸೆಕೆಂಡಿನ ಲೆಕ್ಕದಲ್ಲಿ ಸಮಾನ ಅಂತರದಲ್ಲಿ ಬಿದ್ದ ವೋಟುಗಳನ್ನು ಮೊದಲೇ ಬೇರ್ಪಡಿಸಿ, ಸಂಬಂಧಪಟ್ಟವರನ್ನು ಕೇಳಿಯೇ ತೆಗೆಯಬೇಕು. ಚೀಟಿ ಎತ್ತುವ ಹಿಂದಿನ ದಿನ ಹೆಸರು ಮತ್ತು ದಿನಗಳ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು, ಐಪಿ ವಿಳಾಸಗಳನ್ನು ಮಾತ್ರ ಅಳಿಸಿ. ಆಡುವವರಲ್ಲಿ ಮಕ್ಕಳೂ ಇರುತ್ತಾರೆ.