ಗುಂಡಿ 30 ಅಂದರೆ ಒಳಗೂ 30 ಅಲ್ಲ

ಅನಸ್ತೀಷಿಯಾ ಕೊಡುವವರ ಕೈಗೆ ಒಂದು ಅಭ್ಯಾಸ ಅಂಟಿಬಿಟ್ಟಿರುತ್ತದೆ. ಸ್ಯಾಚುರೇಷನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, ಇಳಿಯಿತಾ, ಆಕ್ಸಿಜನ್ ಏರಿಸು, ಯೋಚನೆ ಆಮೇಲೆ. ಬ್ರಾಂಕೋಸ್ಕೋಪಿಯಲ್ಲಿ (ಉಸಿರಿನ ಕೊಳವೆಯೊಳಗೆ ಕ್ಯಾಮೆರಾ ಇಳಿಸಿ ಮಾಡುವ ಚಿಕಿತ್ಸೆ) ಸುಡುವ ಕೆಲಸ ಇದ್ದಾಗ ಆ ಕೈಯನ್ನು ತಡೆದುಕೊಳ್ಳಬೇಕು ಅಂತ ಓದಿ ಗೊತ್ತಿತ್ತು. ಅದು ಎಷ್ಟು ಕಷ್ಟ ಅಂತ ಗೊತ್ತಾಗಿದ್ದು ಆ ದಿನ.

ರೋಗಿಗೆ ಅರವತ್ತರ ಆಸುಪಾಸು. ಎಡ ಶ್ವಾಸಕೋಶಕ್ಕೆ ಹೋಗುವ ದೊಡ್ಡ ಕೊಳವೆಯನ್ನು ಗೆಡ್ಡೆಯೊಂದು ಮುಕ್ಕಾಲು ಮುಚ್ಚಿಕೊಂಡಿತ್ತು, ಮುಟ್ಟಿದರೆ ರಕ್ತ. ಉಸಿರಾಟಕ್ಕೆಂದು ಗಂಟಲಿಗೆ ಹಾಕಿದ ಟ್ಯೂಬಿನೊಳಗಿಂದ ಸ್ಕೋಪ್ ಇಳಿಸಿ, ಕಾಟರಿಯಿಂದ (ಕರೆಂಟಿನಿಂದ ಸುಡುವ ಉಪಕರಣ) ಸ್ವಲ್ಪ ಸ್ವಲ್ಪವೇ ಸುಟ್ಟು ದಾರಿ ಬಿಡಿಸಬೇಕಿತ್ತು. ಬೆಂಕಿಗೆ ಬೇಕಾದ ಮೂರೂ ಅಲ್ಲೇ ಇವೆ ನೋಡಿ: ಕಾಟರಿಯ ಕಿಡಿ, ಉರಿಯಬಲ್ಲ ಪ್ಲಾಸ್ಟಿಕ್ ಟ್ಯೂಬ್, ಆಕ್ಸಿಜನ್. ಕಿಡಿಯ ಪೆಡಲ್ ಇರೋದು ಸುಡುವ ಶ್ವಾಸಕೋಶದ ಡಾಕ್ಟರ್, ಅಂದರೆ ಪಲ್ಮನಾಲಜಿಸ್ಟ್ ಕಾಲಡಿ. ಟ್ಯೂಬ್ ತೆಗೆಯೋ ಹಾಗಿಲ್ಲ. ಉಳಿದ ಆಕ್ಸಿಜನ್ ನನ್ನ ಪಾಲಿಗೆ. (ನೈಟ್ರಸ್ ಆಕ್ಸೈಡ್ ಕೂಡ ಬೆಂಕಿಯನ್ನು ಹಾಗೇ ಉರಿಸುತ್ತದೆ, ಅದನ್ನು ಹತ್ತಿರಕ್ಕೂ ಸೇರಿಸಿರಲಿಲ್ಲ.) ಸುಡುವಾಗ ಆಕ್ಸಿಜನ್ 40%ಗಿಂತ ಕೆಳಗಿರಬೇಕು, ಆದಷ್ಟೂ 30ರ ಒಳಗೆ. ಮಾಮೂಲಿ ಗಾಳಿಯಲ್ಲೇ 21 ಇರುತ್ತದಲ್ವಾ, ಹಾಗಾಗಿ ನಮಗೆ ಸಿಗುವ ಜಾಗ ಬಹಳ ಚಿಕ್ಕದು.

ಶುರುವಿಗೆ 100% ಕೊಟ್ಟಿದ್ದೆವು. ಸ್ಕೋಪ್ ಗೆಡ್ಡೆಯ ಹತ್ತಿರ ಬಂದಾಗ ನಾನು ಮಶೀನಿನ ಆಕ್ಸಿಜನ್ ಗುಂಡಿಯನ್ನು 30ಕ್ಕೆ ಇಳಿಸಿದೆ.

"ಸುಡಬಹುದಾ ಮೇಡಂ?" ಪಲ್ಮನಾಲಜಿಸ್ಟ್ ಕೇಳಿದರು.

ಹೂಂ ಅನ್ನೋದರಲ್ಲಿದ್ದೆ, ಕಣ್ಣು ಮಾನಿಟರಿನ ಇನ್ನೊಂದು ಅಂಕಿಯ ಮೇಲೆ ಬಿತ್ತು. ರೋಗಿ ಹೊರಗೆ ಬಿಡುತ್ತಿದ್ದ ಉಸಿರಿನಲ್ಲಿ ಆಕ್ಸಿಜನ್ ಇನ್ನೂ 62! ಗುಂಡಿ ತಿರುಗಿಸಿದರೆ ಬದಲಾಗೋದು ಮಶೀನಿನಿಂದ ಹೊಸದಾಗಿ ಬರುವ ಗಾಳಿ ಮಾತ್ರ, ಪೈಪಿನಲ್ಲಿ, ಶ್ವಾಸಕೋಶದಲ್ಲಿ ತುಂಬಿಕೊಂಡಿರುವ ಹಳೆಯದು ಅಷ್ಟು ಬೇಗ ಖಾಲಿಯಾಗಲ್ಲ, ಅದರಲ್ಲೂ ಹರಿವು ನಿಮಿಷಕ್ಕೆ ಒಂದೇ ಲೀಟರ್ ಇಟ್ಟುಕೊಂಡು ಕೂತರೆ. 10 ಲೀಟರಿಗೆ ಏರಿಸಿದೆ. 58. 51. 43. ಎಲ್ಲರೂ ಸುಮ್ನೆ ನಿಂತು ಒಂದು ಅಂಕಿಯನ್ನೇ ನೋಡುವ ಆ ಎರಡು ಮೂರು ನಿಮಿಷ ಇದೆಯಲ್ಲ, ಅದರಷ್ಟು ಉದ್ದದ ಹೊತ್ತು ಥಿಯೇಟರಿನಲ್ಲಿ ಇನ್ನೊಂದಿಲ್ಲ. 29 ಕಂಡ ಮೇಲೆ ಸುಡಿ ಸರ್ ಅಂದೆ.

ಒಂದೊಂದು ಸಲಕ್ಕೆ ಎರಡು ಮೂರು ಸೆಕೆಂಡು ಅಷ್ಟೇ. ಸ್ಕ್ರೀನಿನಲ್ಲಿ ಬಿಳಿ ಹೊಗೆ, ಸಕ್ಷನ್, ಮತ್ತೆ ಪೆಡಲ್. ಸ್ಕೋಪ್ ಟ್ಯೂಬಿನ ಅರ್ಧ ಜಾಗ ತಿಂದಿರುತ್ತದೆ, ಅದರ ಜೊತೆಗೆ ಆಕ್ಸಿಜನ್ ಬೇರೆ ಕಡಿಮೆ. ಸ್ಯಾಚುರೇಷನ್ 94, 91, 87. ಬೀಪ್ ಶಬ್ದ ದಪ್ಪಗಾಗುತ್ತಾ ಬಂತು. ನನ್ನ ಪಕ್ಕದಲ್ಲಿದ್ದ, ಪಿಜಿ ಓದುತ್ತಿದ್ದ ಹುಡುಗ ಕೈ ಚಾಚಿ ಗುಂಡಿಯನ್ನು ಸೀದಾ 100ಕ್ಕೆ ತಿರುಗಿಸಿದ. ಒಂದು ಮಾತೂ ಆಡಲಿಲ್ಲ. ಆ ಕಡೆ ಸರ್ ಕಾಲು ಪೆಡಲ್ ಮೇಲೆ.

"ಸರ್, ಕಾಲು ತೆಗೀರಿ!"

ಸ್ವಲ್ಪ ಜೋರಾಗಿಯೇ ಕೂಗಿದೆ ಅನ್ಸುತ್ತೆ. ತೆಗೆದರು. ಹುಡುಗನ ಮುಖ ಬಿಳಿಚಿಕೊಂಡಿತ್ತು. ಅವನು ಆಕ್ಸಿಜನ್ ಏರಿಸಿದ್ದು ತಪ್ಪಲ್ಲ, 87ರಲ್ಲಿ ಏರಿಸಲೇಬೇಕು. ಏರಿಸುತ್ತಿದ್ದೇನೆ ಅಂತ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ. ಹಾಗೆ ಹೇಳಬೇಕು ಅಂತ ನಾನೂ ಅವನಿಗೆ ಮೊದಲೇ ಹೇಳಿರಲಿಲ್ಲ.

ಕಾಟರಿಯ ಪ್ರೋಬ್ ಹೊರಗೆ ತೆಗೆಸಿ, 98 ಆಗುವವರೆಗೆ ಆಕ್ಸಿಜನ್ ಕೊಟ್ಟು, ಮತ್ತೆ ಇಳಿಸಿ, ಮತ್ತೆ ಕಾದೆವು. ಅಲ್ಲಿಂದ ಮುಂದೆ ಒಂದು ಒಪ್ಪಂದ: ನಾನು ಹೊರ ಉಸಿರಿನ ಅಂಕಿ ಓದಿ ಹೇಳದೆ ಪೆಡಲ್ ಒತ್ತೋ ಹಾಗಿಲ್ಲ, ಅವರು ನಿಲ್ಲಿಸಿದೆ ಅನ್ನದೆ ನಾವು ಗುಂಡಿ ಮುಟ್ಟೋ ಹಾಗಿಲ್ಲ. ಬೆಂಕಿ ಬಿದ್ದರೆ ಟ್ಯೂಬನ್ನೇ ಎಳೆದು ಹಾಕಬೇಕು, ಗ್ಯಾಸ್ ಬಂದ್ ಮಾಡಬೇಕು, ಸಲೈನ್ ಸುರಿಯಬೇಕು ಅಂತ ಹುಡುಗನಿಗೆ ಅಲ್ಲೇ ಹೇಳಿದೆ. ಉಸಿರಿನ ಟ್ಯೂಬನ್ನು ನಾವೇ ಕೀಳೋದಾ ಅಂತ ಅವನು ನೋಡಿದ. ಹೌದಪ್ಪ, ಉರಿಯುತ್ತಿರೋದೇ ಅದು.

ಕೆಲಸ ಮುಗಿಯಲು ಒಂದೂಕಾಲು ಗಂಟೆ ಹಿಡಿಯಿತು. ಸುಟ್ಟ ಹೊತ್ತು ಎಲ್ಲ ಸೇರಿ ಐದು ನಿಮಿಷವೂ ಇರಲಿಕ್ಕಿಲ್ಲ. ರಕ್ತ ನಿಂತ ಮೇಲೆ ಬುಡದ ಚೂರನ್ನು ಕ್ರಯೋ ಪ್ರೋಬಿನಿಂದ ಹೆಪ್ಪುಗಟ್ಟಿಸಿ ಎಳೆದರು. ಅದರಲ್ಲಿ ಕಿಡಿಯೇ ಇಲ್ಲ, ಹಾಗಾಗಿ "ಈಗ ಎಷ್ಟು ಬೇಕಾದರೂ ಏರಿಸು" ಅಂದೆ. ಹುಡುಗ ಗುಂಡಿಗೆ ಕೈ ಹಾಕುವ ಮೊದಲು ಗಟ್ಟಿಯಾಗಿ ಹೇಳಿದ, "ಆಕ್ಸಿಜನ್ ಏರಿಸ್ತಾ ಇದೀನಿ ಸರ್." ಟ್ರೇ ಮೇಲೆ ತುಂಬಿಸಿಟ್ಟಿದ್ದ 50 ಎಂಎಲ್ ಸಲೈನ್ ಸಿರಿಂಜುಗಳನ್ನು ಸಿಸ್ಟರ್ ಒಂದೊಂದಾಗಿ ಸಿಂಕಿಗೆ ಖಾಲಿ ಮಾಡಿದರು.