ಶಾಲೆಯ ಮಾಡಿನ ಮೇಲೆ ಎರಡು ಬಾಟಲಿ ಇಂಕು

ಭೂಗೋಳದ ಮೇಷ್ಟ್ರ ವೈಕುಂಠ ಸಮಾರಾಧನೆಯಲ್ಲಿ ಊಟಕ್ಕೆ ಕೂತಿದ್ದೆವು. ಪಾಯಸ ಬರುವ ಹೊತ್ತಿಗೆ ಪಕ್ಕದ ಎಲೆಯವನು ನನ್ನ ಕಿವಿಗೆ ಬಾಗಿ, ‘ಇಂಕು ತಂದಿದ್ದು ನೀನಾ, ನಾನಾ?’ ಎಂದ. ನಲವತ್ತೈದು ವರ್ಷದ ವ್ಯಾಜ್ಯ. ಇಬ್ಬರಿಗೂ ಮೊಮ್ಮಕ್ಕಳಾದರೂ ಇತ್ಯರ್ಥವಾಗಿಲ್ಲ. ಅಮೃತ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಶಾಲೆಯವರು ಕೇಳಿದಾಗ ಅದನ್ನೇ ಬರೆಯೋಣ ಅನ್ನಿಸಿತು.

ಒಂಬತ್ತನೇ ಕ್ಲಾಸು, ಆಷಾಢದ ಮಳೆ. ಹಂಚಿನ ಮೇಲೆ ಅದು ಬೀಳುವ ಸದ್ದಿಗೆ ಮೇಷ್ಟ್ರ ಮಾತು ಮೂರನೇ ಬೆಂಚು ದಾಟುತ್ತಿರಲಿಲ್ಲ. ಪಾಠ ಯಾವುದಿತ್ತೋ, ಯಾವುದೋ ದೂರದೇಶದ ನದಿಗಳಿರಬೇಕು. ಅವರು ಪುಸ್ತಕ ಮುಚ್ಚಿ, ಬೋರ್ಡಿನ ಮೇಲೆ ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ನಕ್ಷೆ ಬರೆದರು. ತುಂಗೆಗೆ ಬಿದ್ದ ಹನಿ ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿ, ಮುಂದೆ ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ. ಅದೇ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಪಡುವಣಕ್ಕೆ ತಿರುಗಿ, 128 ಕಿಲೋಮೀಟರ್ ಹರಿದು, ಹೊನ್ನಾವರದಲ್ಲಿ ಅರಬ್ಬೀ ಸಮುದ್ರಕ್ಕೆ. ‘ಒಂದೇ ಮೋಡದ ಎರಡು ಹನಿ ಕಣ್ರೋ. ಗುಡ್ಡದ ನೆತ್ತಿಯ ಮೇಲೆ ಒಂದು ಗೇಣು ಆಚೀಚೆ ಬಿದ್ದರೆ ಸೇರೋ ಕಡಲೇ ಬೇರೆ.’

‘ಆ ನೆತ್ತಿ ಎಲ್ಲಿದೆ ಸಾರ್?’

‘ಹುಡುಕಿ.’

ನಾವು ಮೂವರು ಬಹಳ ದೂರ ಹುಡುಕಲಿಲ್ಲ. ನಮ್ಮ ಶಾಲೆಯ ಮಾಡೇ ಆ ನೆತ್ತಿ ಎಂದು ಊಟದ ಬೆಲ್ಲಿನಲ್ಲಿ ತೀರ್ಮಾನವಾಯಿತು. ಮೂಡಣ ಇಳಿಜಾರಿನ ನೀರು ತುಂಗೆಗೆ, ಪಡುವಣದ್ದು ಶರಾವತಿಗೆ. ಪರೀಕ್ಷಿಸಲು ಒಂದು ಬಾಟಲಿ ಕೆಂಪು ಇಂಕು, ಒಂದು ನೀಲಿ. ಮಳೆ ಸ್ವಲ್ಪ ಹೊಳವಾದಾಗ ಹಲಸಿನ ಮರದಿಂದ ಮಾಡಿಗೆ ಇಳಿದೆವು. ಇಂಕು ಸುರಿದದ್ದೂ ಆಯಿತು. ಪಾಚಿ ಕಟ್ಟಿದ ಹಂಚು, ನನ್ನ ಕಾಲು ಜಾರಿತು. ಎಂಟನೇ ಕ್ಲಾಸಿನಲ್ಲಿ ಸಂಧಿಪಾಠ ನಡೆಯುತ್ತಿತ್ತು. ಪಂಡಿತರ ತಲೆಯ ಮೇಲೆ ಸೂರಿನಿಂದ ಒಂದು ಕಾಲು ನೇತಾಡಿದ್ದನ್ನು ಕಂಡ ಹೆಣ್ಣುಮಕ್ಕಳು ಈಗಲೂ ನನ್ನನ್ನು ಗುರುತಿಸುವುದು ಅದರಿಂದಲೇ.

ಹೆಡ್ಮಾಷ್ಟ್ರು ನಾಗರಬೆತ್ತ ತೆಗೆದರು. ಆರಾರು ಏಟು ಬಿದ್ದ ಮೇಲೆ ಭೂಗೋಳದ ಮೇಷ್ಟ್ರು ಬಂದು, ‘ಇಂಕು ಎಲ್ಲಿಗೆ ಹೋಯ್ತು?’ ಎಂದರು. ಬೈಗುಳಕ್ಕೆ ಸಿದ್ಧವಾಗಿದ್ದ ನಮಗೆ ಉತ್ತರ ತೋಚಲಿಲ್ಲ. ಮತ್ತೆ ಹೊರಗೆ ಕಳಿಸಿದರು. ಕೆಂಪೂ ನೀಲಿಯೂ ಶಾಲೆ ಸುತ್ತಿ ಒಂದೇ ಚರಂಡಿಗೆ ಬಂದು, ತುಂಗೆಯ ಕಡೆಯ ಹಳ್ಳಕ್ಕೆ ಇಳಿದಿದ್ದವು. ‘ಹಾಗಾದ್ರೆ ಇದು ನೆತ್ತಿ ಅಲ್ಲ. ಬರ್ಕೊಳ್ಳಿ’ ಎಂದರು. ಒಡೆದ ಹಂಚಿನ ಚೂರೊಂದರ ಮೇಲೆ ಇಂಗ್ಲಿಷ್ ಅಕ್ಷರ ಒತ್ತಿತ್ತು. ಅದನ್ನೇ ಹಿಡಿದು, ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು, ನೇತ್ರಾವತಿ ದಡದ ಜೇಡಿಮಣ್ಣು ನಮ್ಮ ತಲೆಯ ಮೇಲೆ ಬಂದು ಕೂತದ್ದು, ಎಲ್ಲ ಹೇಳಿದರು. ಕೈ ಉರಿಯುತ್ತಿತ್ತು, ಆದರೂ ಕೇಳಿದೆವು.

ಆ ಪ್ರಕರಣ ಸ್ಟಾಫ್ ರೂಮಿನಲ್ಲೆಲ್ಲ ಹರಿದಿರಬೇಕು. ಮರುವಾರ ಗಣಿತದ ಮೇಷ್ಟ್ರು, ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಸರಿಯಾಗಿ ಒಂದು ಲೀಟರ್ ಎಂದು ತೋರಿಸಿ, ಆಗುಂಬೆಯ ವರ್ಷದ ಸುಮಾರು 7,600 ಮಿ.ಮೀ. ಮಳೆ ನಮ್ಮ 200 ಚದರ ಮೀಟರ್ ಮಾಡಿನ ಮೇಲೆ ಬಿದ್ದರೆ ಎಷ್ಟು ನೀರು ಎಂದು ಕೇಳಿದರು. ಹದಿನೈದು ಲಕ್ಷ ಲೀಟರ್ ದಾಟಿತು! ಗುಣಾಕಾರದ ಉತ್ತರ ನೋಡಿ ಮೈ ಜುಮ್ಮೆಂದದ್ದು ನನಗೆ ಅದೇ ಮೊದಲು. ಇನ್ನು ಪಂಡಿತರು. ನನ್ನ ಕಾಲನ್ನು ಕ್ಷಮಿಸಿದರೋ ಇಲ್ಲವೋ, ಅಂಬುತೀರ್ಥದ ಹೆಸರನ್ನು ಮಾತ್ರ ಬಿಡಿಸಿ ಕೊಟ್ಟರು: ಕನ್ನಡದಲ್ಲಿ ಅಂಬು ಎಂದರೆ ಬಾಣ, ಸಂಸ್ಕೃತದಲ್ಲಿ ಅಂಬು ಎಂದರೆ ನೀರು. ಸೀತೆಯ ಬಾಯಾರಿಕೆಗೆ ರಾಮ ಅಂಬು ಬಿಟ್ಟ, ಅಂಬು ಚಿಮ್ಮಿತು. ಎರಡು ಭಾಷೆ ಒಂದು ಹಳ್ಳಿಯ ಹೆಸರಿನಲ್ಲಿ ಹೀಗೆ ಕಣ್ಣು ಮಿಟುಕಿಸುವುದನ್ನು ಕಂಡ ಮೇಲೆ ನಿಘಂಟು ನನಗೆ ಕಥೆಪುಸ್ತಕವಾಯಿತು.

ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ. ಎಂಜಿನಿಯರ್ ಕೆಲಸದ ಸಂದರ್ಶನದಲ್ಲಿ ಶರಾವತಿ ಎಲ್ಲಿ ಹುಟ್ಟುತ್ತದೆ ಎಂದು ಕೇಳಿದರು. ರ‍್ಯಾಂಕ್ ಬಂದವರು ಒಂದು ಪದ ಹೇಳಿ ಸುಮ್ಮನಾದರಂತೆ. ನಾನು ಬಾಣದಿಂದ ಶುರುಮಾಡಿ ಹಂಚಿನವರೆಗೆ ಬಂದಿದ್ದೆ, ಅವರೇ ಸಾಕು ಎಂದರು. ಆಮೇಲೆ ಜೋಗದ ಕೆಳಗಿನ ಶರಾವತಿ ವಿದ್ಯುದಾಗಾರದಲ್ಲಿ, ಹತ್ತು ಯಂತ್ರಗಳ 1,035 ಮೆಗಾವಾಟ್ ಗದ್ದಲದ ನಡುವೆ, ನಾನು ವರ್ಷಗಟ್ಟಲೆ ದುಡಿದೆ. ಪ್ರತಿ ಮಳೆಗಾಲ ಆ ನೀರನ್ನು ನೋಡಿದಾಗ, ನಮ್ಮ ಇಂಕು ಮಾತ್ರ ಇದರಲ್ಲಿಲ್ಲ ಅನ್ನಿಸುತ್ತಿತ್ತು.

ಊಟ ಮುಗಿಸಿ ಶಾಲೆಗೂ ಹೋಗಿ ಬಂದೆವು. ಹಲಸಿನ ಮರ ಇಲ್ಲ, ಮಾಡಿನ ಜಾಗದಲ್ಲಿ ತಾರಸಿ ಬಂದಿದೆ. ಹೊರಗೆ ಜಡಿಮಳೆ, ಒಳಗೆ ಸದ್ದೇ ಇಲ್ಲ. ಸ್ಮಾರ್ಟ್ ಬೋರ್ಡಿನಲ್ಲಿ ನೈಲ್ ನದಿ ಬಣ್ಣ ಬಣ್ಣವಾಗಿ ಹರಿಯುತ್ತಿತ್ತು. ಒಬ್ಬ ಹುಡುಗನನ್ನು, ನಿಮ್ಮೂರ ಹಳ್ಳ ಯಾವ ಕಡಲಿಗೆ ಹೋಗ್ತದೆ ಎಂದು ಕೇಳಿದೆ. ‘ಅದು ಪರೀಕ್ಷೆಗೆ ಬರಲ್ಲ ಸಾರ್’ ಎಂದ. ತಪ್ಪು ಅವನದ್ದಲ್ಲ, ಬಿಡಿ. ಮಾಡಿಗೆ ಹತ್ತಿದರೆ ಈಗ ಬೆತ್ತದ ಬದಲು ಪೋಷಕರ ಸಭೆ.

ಹೊರಡುವಾಗ ಮೇಷ್ಟ್ರ ಮಗಳು ಒಂದು ಕಟ್ಟು ನೋಟ್‌ಬುಕ್ ತಂದಿಟ್ಟರು. ಮನೆಯಂಗಳದಲ್ಲಿ ಮಳೆಮಾಪಕ ಇಟ್ಟುಕೊಂಡು ಅಪ್ಪ ದಿನವೂ ಬರೆಯುತ್ತಿದ್ದರು ಎಂದರು. ನಾವಿಬ್ಬರೂ ಕನ್ನಡಕ ಏರಿಸಿ ಆ ಆಷಾಢವನ್ನು ಹುಡುಕಿದೆವು. ಸಿಕ್ಕಿತು. ‘ಮಳೆ 62 ಮಿ.ಮೀ. ಹಂಚು 3. ಎರಡೂ ಶಾಯಿ ತುಂಗೆಗೆ.’

ಇಂಕು ಯಾರು ತಂದರೆಂದು ಮಾತ್ರ ಬರೆದಿರಲಿಲ್ಲ.