ಯಾರೂ ತೊಡಲಾರದ ಕುಪ್ಪಸ ಯಾತಕ್ಕೆ?

ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಕಟ್ಟಡದ ಹೆಂಗಸರಿಂದ ಹಿಡಿದು ಮಾಟುಂಗಾದ ಕನ್ನಡ ಸಮಾರಂಭಗಳಲ್ಲಿ ಸಿಗುವ ಹಿರಿಯರವರೆಗೆ, ನನ್ನ ಕೆಲಸ ನೋಡಿದವರೆಲ್ಲ ಕೇಳುವುದು ಇದನ್ನೇ: "ಹಳೆಯ ಕುಪ್ಪಸದ ಒಳಮೈ ಹೊರಗೆ ಮಾಡಿ, ಗಂಜಿ ಹಾಕಿ ಮೂರ್ತಿಯ ಹಾಗೆ ನಿಲ್ಲಿಸುತ್ತೀಯಲ್ಲವ್ವ, ಯಾರೂ ತೊಡಲಾರದ ಕುಪ್ಪಸ ಯಾತಕ್ಕೆ?"

ತೊಟ್ಟರೆ ಒಳಗಿನ ಹೊಲಿಗೆ ಕಾಣುವುದಿಲ್ಲ, ಅದಕ್ಕೆ. ಇಷ್ಟು ಹೇಳಿದರೆ ಯಾರಿಗೂ ಸಮಾಧಾನವಾಗುವುದಿಲ್ಲ. ಹಾಗಾಗಿ ನನ್ನ ಅವ್ವನ ಒಂದು ಕುಪ್ಪಸದ ಬಗ್ಗೆ ಹೇಳುತ್ತೇನೆ.

ಅದು ಗುಳೇದಗುಡ್ಡದ ಖಣದ್ದು. ತವರಿನಲ್ಲಿ ಉಡಿ ತುಂಬಿ ಕಳಿಸಿದಾಗ ಬಂದ ಖಣ, ಅವ್ವನೇ ಹೊಲಿದುಕೊಂಡದ್ದು. ಅವಳು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಸಿಕ್ಕಿತು. ಹೊರಗಿನಿಂದ ನೋಡಿದರೆ ಕೆಂಪು ಮಾಸಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ ಹಳೆಯ ಬಟ್ಟೆ, ಅಷ್ಟೇ. ಒಳಮೈ ತಿರುಗಿಸಿದೆ. ಕಂಕುಳಿನಿಂದ ಕೆಳಗಿಳಿಯುವ ಪಕ್ಕದ ಹೊಲಿಗೆಯಲ್ಲಿ, ಮುಂದೆ ಬಿಚ್ಚಿ ಅಗಲ ಮಾಡಿಕೊಳ್ಳಲು ಬೇಕಾಗುತ್ತದೆಂದು ಎರಡು ಬೆರಳಗಲ ಬಟ್ಟೆ ಬಿಟ್ಟಿದ್ದಾಳೆ. ಆ ಅಂಚಿನುದ್ದಕ್ಕೂ ಹೊಲಿಗೆ ಬಿಚ್ಚಿದ ಮೂರು ಸಾಲು ಸೂಜಿತೂತುಗಳು. ನಾಲ್ಕನೆಯ ಸಾಲಿನಲ್ಲಿ ಮಾತ್ರ ದಾರ. ಒಂದೊಂದು ಸಾಲು ದಾಟಿದಂತೆ ಬಣ್ಣ ಗಾಢವಾಗುತ್ತ ಹೋಗುತ್ತದೆ. ಬಿಸಿಲನ್ನೇ ಕಾಣದ ಕೊನೆಯ ಪಟ್ಟಿ ಇಂದಿಗೂ ಅಚ್ಚ ಕೆಂಪು. ನಾವು ಮೂವರು ಮಕ್ಕಳು. ಒಂದೊಂದು ಬಾಣಂತನವಾದಾಗಲೂ ಅವ್ವ ಹೊಸ ಕುಪ್ಪಸ ಕೇಳಲಿಲ್ಲ, ಇದನ್ನೇ ಒಂದು ಸಾಲು ಬಿಚ್ಚಿಕೊಂಡಳು. ಅವಳ ಮೈಯ ಲೆಕ್ಕ ಬರೆದಿಟ್ಟ ಕಾಗದ ಬೇರೆಲ್ಲೂ ಇಲ್ಲ. ಆ ದಿನ ರಾತ್ರಿಯೆಲ್ಲ ನಾನು ಆ ತೂತುಗಳ ಮೇಲೆ ಬೆರಳಾಡಿಸುತ್ತ ಕುಳಿತಿದ್ದೆ.

ಅಪ್ಪ ಮುಂಬಯಿಯ ಲಾಲ್‌ಬಾಗಿನ ಬಟ್ಟೆ ಗಿರಣಿಯೊಂದರಲ್ಲಿ ನೇಯುತ್ತಿದ್ದರು. 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಸುಮಾರು 2.5 ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದಾಗ ಅಪ್ಪನೂ ಅವರಲ್ಲೊಬ್ಬರು. ಅಂದಿನ ಛಾಯಾಚಿತ್ರಗಳಲ್ಲಿ ಗಿರಣಿಯ ಗೇಟು, ಬಾವುಟ, ಮೋರ್ಚಾ ಎಲ್ಲ ಇವೆ. ನಮ್ಮ ಖೋಲಿಯಲ್ಲಿ ನಲವತ್ತು ವ್ಯಾಟಿನ ಬಲ್ಬಿನ ಕೆಳಗೆ ಡಜನ್ ಲೆಕ್ಕದಲ್ಲಿ ಹುಕ್ಕು, ಕಾಜ ಹಾಕುತ್ತಿದ್ದ ಅವ್ವ ಯಾವುದರಲ್ಲೂ ಇಲ್ಲ. ಗಂಟು ತಂದುಕೊಡುವವನು ಒಂದು ಕಾಜ ಸೊಟ್ಟಗಿದ್ದರೂ ಇಡೀ ಡಜನ್‌ನ ಹಣ ಹಿಡಿಯುತ್ತಿದ್ದ. ಆ ವರ್ಷ ಮನೆ ನಡೆದದ್ದು ಆ ಕಾಜಗಳ ಮೇಲೆ. ಇದನ್ನು ಅಪ್ಪನೂ ಒಪ್ಪುತ್ತಿದ್ದರು, ಆದರೆ ನೆಂಟರ ಮುಂದೆ ಹೇಳುತ್ತಿರಲಿಲ್ಲ.

ಇದು ಶಿಲ್ಪ ಹೇಗಾಗುತ್ತದೆ ಎಂದು ಕೇಳುವವರಿಗೆ ಶಿಲ್ಪಿ ಮೃಣಾಲಿನಿ ಮುಖರ್ಜಿಯವರ ಹೆಸರು ಹೇಳುತ್ತೇನೆ. 1949ರಲ್ಲಿ ಇದೇ ಮುಂಬಯಿಯಲ್ಲಿ ಹುಟ್ಟಿದವರು. ಸೆಣಬಿನ ಹಗ್ಗಕ್ಕೆ ಬರಿಗೈಯಲ್ಲಿ ಗಂಟಿನ ಮೇಲೆ ಗಂಟು ಹಾಕಿ ಯಕ್ಷಿಯರನ್ನು ನಿಲ್ಲಿಸಿದರು. ಅದನ್ನೂ ಕರಕುಶಲವೆಂದು ಪಕ್ಕಕ್ಕಿಟ್ಟವರಿದ್ದರು. ಹಗ್ಗ ದೇವತೆಯಾಗಬಹುದಾದರೆ ಕುಪ್ಪಸ ಮೂರ್ತಿಯಾಗಬಾರದೇ?

ನಾನು ಬಳಸುವುದು ಮೈದಾ ಅಂಟು. ಬೂಷ್ಟು ಹಿಡಿಯದಿರಲು ಪುಸ್ತಕ ಕಟ್ಟುವವರಂತೆ ಚಿಟಿಕೆ ಮೈಲುತುತ್ತು ಬೆರೆಸುತ್ತೇನೆ. ಕುಪ್ಪಸವನ್ನು ಅದರಲ್ಲಿ ಅದ್ದಿ, ತಂತಿಜಾಲರಿಯ ಮೈಗೆ ತೊಡಿಸಿ ಒಣಗಿಸಿ, ಆಮೇಲೆ ಜಾಲರಿಯನ್ನು ಕೆಳಗಿನಿಂದ ಮಡಚಿ ಎಳೆದುಬಿಡುತ್ತೇನೆ. ಒಳಗೆ ಯಾರೂ ಇಲ್ಲದೆ ಕುಪ್ಪಸ ಎದೆಯೆತ್ತಿ ನಿಲ್ಲುತ್ತದೆ. ಜುಲೈ ಬಂತೆಂದರೆ ಮುಂಬಯಿಯ ತೇವಕ್ಕೆ ಭುಜಗಳು ನಿಧಾನವಾಗಿ ಕುಸಿಯುತ್ತವೆ. ರಾಳ ಬಳಿದರೆ ಗಟ್ಟಿಯಾಗುತ್ತದೆ ಎಂದು ತಿಳಿದವರು ಹೇಳುತ್ತಾರೆ. ಬಳಿದು ನೋಡಿದೆ: ಸೂಜಿತೂತುಗಳೆಲ್ಲ ಮುಚ್ಚಿಹೋದವು. ಈಗ ಪ್ರತಿ ದೀಪಾವಳಿಗೆ ಹೊಸದಾಗಿ ಗಂಜಿ ಹಾಕುತ್ತೇನೆ.

ಕಳೆದ ಸಲ ಕುಪ್ಪಸ ನೋಡಲು ಬಂದ ಅಜ್ಜಿಯೊಬ್ಬರು ಏನನ್ನೂ ಕೇಳಲಿಲ್ಲ. ಕನ್ನಡಕ ಏರಿಸಿ, ಬಗ್ಗಿ, ಪಕ್ಕದ ಸಾಲುಗಳನ್ನು ಎಣಿಸಿದರು. "ಮೂರಾ? ನನ್ನದು ಐದು ತಂಗಿ" ಎಂದರು. ಮರುವಾರ ಕ್ಯಾರಿಬ್ಯಾಗಿನಲ್ಲಿ ತಮ್ಮದೊಂದು ಕುಪ್ಪಸ ಕಳಿಸಿದರು.

ನಿಮ್ಮ ಮನೆಯಲ್ಲೂ ಅಂಥದ್ದಿದ್ದರೆ ಕೊಡಿ. ಒಗೆದು ಇಸ್ತ್ರಿ ಮಾಡುವುದು ಬೇಡ. ಹಳೆಯ ದಾರದ ತುಂಡುಗಳಿದ್ದರೆ ಕೀಳಬೇಡಿ.